ಪ್ಲಗ್ಗಮ್ಮನ ಇಪ್ಪತ್ತು ನಿಮಿಷ

ಪ್ಲಗ್ಗಮ್ಮನ ಅಜ್ಜ ಅವರ ಊರಿಗೆ ವಿದ್ಯುತ್ ಕಂಬ ನೆಟ್ಟವನು. ಎಂಬತ್ತಾರು ಕಂಬ, ಒಂದೂ ವಾಲಿದ್ದಿಲ್ಲ. ಗುಂಡಿ ಒಂದು ಗೇಣು ಕಡಿಮೆಯಾದರೂ ನಡೆಯುತ್ತದೆ ಎಂದ ಗುತ್ತಿಗೆದಾರನನ್ನು ಅದೇ ಗುಂಡಿಗೆ ಇಳಿಸಿ, ಏಣಿ ಮೇಲಕ್ಕೆಳೆದುಕೊಂಡು, "ಆಳ ಸಾಕೋ ಸಾಲದೋ ಅಲ್ಲಿಂದಲೇ ಹೇಳು" ಎಂದ ಆಸಾಮಿ. ಅಜ್ಜಿ ಅವನಿಗಿಂತ ಒಂದು ಕೈ ಮೇಲು. ಮೀಟರು ಓದಲು ಬಂದವನು ಜಗುಲಿಯ ಮೇಲೆ ಕುಳಿತೇ ಅಂದಾಜಿಗೆ ಅಂಕಿ ಗೀಚಿದನೆಂದು ಅವನ ಸೈಕಲ್ಲಿನ ಗಾಳಿ ಬಿಟ್ಟು, ಮೀಟರಿನ ಮುಂದೆ ನಿಲ್ಲಿಸಿ, ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಿಸಿದವಳು. ಅಪ್ಪ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಮೇಸ್ತ್ರಿ. ಹದಿನೆಂಟರ ವಯಸ್ಸಿನಲ್ಲಿ ಅವಸರಪಟ್ಟು ಎಡಗೈಯ ಎರಡು ಬೆರಳು ಸುಟ್ಟುಕೊಂಡ. ಅಂದಿನಿಂದ ಯಾವ ಪ್ಲಗ್ಗಿಗೆ ಕೈ ಹಾಕಬೇಕಾದರೂ ಮೊದಲು ಮನಸ್ಸಿನಲ್ಲಿ ಹತ್ತು ಎಣಿಸುವುದು ಅವನ ಕಟ್ಟುನಿಟ್ಟು. ಮಗಳಿಗೂ ಅದನ್ನೇ ಕಲಿಸಿದ. ಒಟ್ಟಿನಲ್ಲಿ ಯಾರಿಗೂ ಸೊಪ್ಪು ಹಾಕದ, ತಾವು ಮಾಡಿದ್ದೇ ಸರಿ ಎನ್ನುವ ಜನ. ಸರಿಯೂ ಇರುತ್ತಿತ್ತು ಎನ್ನಿ, ಬಹಳ ಮಟ್ಟಿಗೆ.

ಮಗಳು ಶಾಲೆ ಬಿಟ್ಟು ಬಸ್ ಡಿಪೋದ ಬಿಡಿಭಾಗಗಳ ಉಗ್ರಾಣದಲ್ಲಿ ಗುಮಾಸ್ತೆಯಾಗಿ ಸೇರಿದಳು. ಅಲ್ಲಿ ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತಿತ್ತು. ಹೋದಾಗಲೆಲ್ಲ ಕಂಪ್ಯೂಟರಿನಲ್ಲಿ ಬರೆದ ಪಟ್ಟಿ ಅರ್ಧಕ್ಕರ್ಧ ಮಾಯ. ಬ್ರೇಕ್ ಪ್ಯಾಡು ಎಷ್ಟಿವೆ, ಫ್ಯಾನ್ ಬೆಲ್ಟು ಯಾರು ಒಯ್ದರು ಎಂದು ಕೇಳಿದರೆ ಅವಳು ಮತ್ತೆ ಕಪಾಟು ಹತ್ತಿ ಎಣಿಸಬೇಕು. ಮೇಲಿನವರಿಗೆ ಹೇಳಿದಳು. "ಯಂತ್ರ ಅಂದಮೇಲೆ ಹಾಗೇನೇ" ಎಂದರು. ರದ್ದಿಗೆ ಹಾಕಿದ್ದ ಕಂಪ್ಯೂಟರ್ ಪುಸ್ತಕಗಳನ್ನು ಆರಿಸಿ ತಂದು, ಆರು ವರ್ಷ ಗುರುವಿಲ್ಲದೆ ಓದಿ ಅರೆದು ಕುಡಿದು, ತಾನೇ ಒಂದು ಡೇಟಾಬೇಸ್ ಬರೆದಳು. ಡೇಟಾಬೇಸ್ ಎಂದರೆ ಬ್ರಹ್ಮವಿದ್ಯೆಯೇನಲ್ಲ: ಬರೆದಿಟ್ಟದ್ದು ಬರೆದಲ್ಲೇ ಇರಬೇಕು, ಕೇಳಿದಾಗ ಸಿಗಬೇಕು. ಅದಕ್ಕೆ 'ಉಗ್ರಾಣ' ಎಂದೇ ಹೆಸರಿಟ್ಟಳು. ಬರೆದ ಸಾಲುಗಳನ್ನೆಲ್ಲ ಅಂತರ್ಜಾಲದಲ್ಲಿ ಬಯಲಿಗಿಟ್ಟಳು. ಯಾರು ಬೇಕಾದರೂ ಓದಲಿ, ತಿದ್ದಲಿ, ಪುಕ್ಕಟೆ ಬಳಸಲಿ. ಹದಿನೈದು ವರ್ಷದಲ್ಲಿ ಎಲ್ಲೆಲ್ಲಿಯವರೋ ಕೈಜೋಡಿಸಿದರು. ಕರೆಂಟು ಕೈಕೊಡುವ ಊರುಗಳ ಸಣ್ಣ ಸಣ್ಣ ಕಚೇರಿಗಳೆಲ್ಲ ಅದನ್ನು ನೆಚ್ಚಿಕೊಂಡವು.

ಪ್ಲಗ್ಗಮ್ಮ ಎಂಬ ಅಡ್ಡಹೆಸರು ಬಿದ್ದದ್ದು ಅವಳ ಪರೀಕ್ಷೆಯಿಂದ. ಒಂದು ಸಾಲು ಬರೆದು, ಕಂಪ್ಯೂಟರಿನ ಪ್ಲಗ್ಗು ಕಿತ್ತು, ಮತ್ತೆ ಹಚ್ಚಿ, ಆ ಸಾಲು ಉಳಿದಿದೆಯೇ ಎಂದು ನೋಡುವುದು. ಪ್ರತಿ ಹೊಸ ಆವೃತ್ತಿಗೂ ಸ್ವಂತ ಕೈಯಿಂದಲೇ ಕೀಳಬೇಕು. ನಾನೂರಕ್ಕೂ ಹೆಚ್ಚು ಸಲ ಕಿತ್ತಿದ್ದಳು. ಒಂದು ಸಲವೂ ಸಾಲು ಕಳೆದುಹೋಗಿರಲಿಲ್ಲ.

ಐವತ್ತೇಳರ ವಯಸ್ಸಿನಲ್ಲಿ ಸಮ್ಮೇಳನದಿಂದ ಕರೆ ಬಂತು. ಹೀಗೆ ಬಯಲಿಗಿಟ್ಟು ಬರೆಯುವವರೆಲ್ಲ ವರ್ಷಕ್ಕೊಮ್ಮೆ ಸೇರುವ ದೊಡ್ಡ ಸಮ್ಮೇಳನ. ಅವಳ ಮಾತಿಗೆ ಇಪ್ಪತ್ತು ನಿಮಿಷ. ಸುದ್ದಿ ಅವಳಿಗಿಂತ ಮೊದಲು ತಲೆಗೇರಿದ್ದು ಮೈದುನನಿಗೆ, ಅಂದರೆ ಗಂಡನ ತಮ್ಮನಿಗೆ. ಕಚೇರಿಗಳಿಗೆ ಹೋಗಿ ಉಗ್ರಾಣವನ್ನು ಹಾಕಿಕೊಟ್ಟು, ಕಲಿಸಿಕೊಟ್ಟು ಬರುವ ವ್ಯಾಪಾರ ಅವನದು. ಅವನಿಗೂ ಅತ್ತಿಗೆಗೂ ಎಂದೂ ಎಣ್ಣೆ ಸೀಗೇಕಾಯಿ. ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪು ಹಿಡಿದು ಬಂದವನು ಊಟದ ಮೇಜಿನ ಮೇಲಿದ್ದುದನ್ನೆಲ್ಲ ಪಕ್ಕಕ್ಕೆ ಸರಿಸಿದ.

"ಅತ್ತಿಗೆ, ಇದು ನಿಮ್ಮ ಡಿಪೋ ಅಲ್ಲ. ಅಲ್ಲಿ ಕೋಟು ಹಾಕ್ಕೊಂಡೋರು ಬರ್ತಾರೆ. ನಿಮ್ಮ ಬಾಯಿಗೆ ಬಂದಿದ್ದು ಹೇಳೋ ಹಾಗಿಲ್ಲ. ನಲವತ್ತು ಸ್ಲೈಡು ಮಾಡಿ ತಂದಿದೀನಿ."

ಅವಳು ಕನ್ನಡಕ ಏರಿಸಿ ಒಂದೊಂದೇ ನೋಡಿದಳು. "ಮೂವತ್ತರಲ್ಲಿ ನಿನ್ನ ಅಂಗಡಿ ಗುರುತು ಇದೆ. ಉಳಿದ ಹತ್ತರಲ್ಲಿ ನಿನ್ನ ಮುಖಾನೇ ಇದೆ. ಉಗ್ರಾಣ ಎಲ್ಲಪ್ಪ?"

"ಅದು ಮಾತಲ್ಲಿ ಬರುತ್ತೆ."

"ಮಾತು ನನ್ನದು, ಮುಖ ನಿನ್ನದು. ಮದುವೆ ಮನೆಗೆ ನಾನು ಅಡುಗೆಯೋಳು ಅನ್ನು."

ಗಂಡ ಅಂಗಿ ಇಸ್ತ್ರಿ ಮಾಡುತ್ತ ಮೂಲೆಯಲ್ಲಿ ನಿಂತಿದ್ದ. ಹೆಂಡತಿಯೂ ತಮ್ಮನೂ ಮಾತಿಗಿಳಿದಾಗ ಅವನು ಕಾಲರಿನ ಮೇಲೆ ಕಣ್ಣು ನೆಟ್ಟು ಬದುಕು ಸಾಗಿಸಿದವನು.

ವೇದಿಕೆಯ ಮೇಲೆ ಪ್ಲಗ್ಗು ಕಿತ್ತು ತೋರಿಸುತ್ತೇನೆ ಎಂದಳು. ಅದಕ್ಕೆ ಮೈದುನ ಒಪ್ಪಿದ. ಜನ ಚಪ್ಪಾಳೆ ತಟ್ಟುವ ಜಾಗ ಅದೇ ಎಂದು ಅವನಿಗೂ ಗೊತ್ತು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, "ಸರಿ, ಶುರು ಮಾಡಿ" ಎಂದ. ಅವಳು ತನ್ನ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ 'ಬ್ರೇಕ್ ಪ್ಯಾಡ್ ಹನ್ನೆರಡು' ಎಂದು ಬರೆದಳು. ಬಗ್ಗಿ ಪ್ಲಗ್ಗಿನ ಬಳಿ ಕೈ ಒಯ್ದು ನಿಂತಳು. ತುಟಿ ಅಲ್ಲಾಡುತ್ತಿತ್ತು.

"ಏನ್ ಮಾಡ್ತಿದೀರಿ?"

"ಎಣಿಸ್ತಿದೀನಿ."

"ಹತ್ತು ಸೆಕೆಂಡು ಬಗ್ಗಿ ನಿಂತಿರ್ತೀರಾ? ಜನ ಸೊಂಟ ಹಿಡ್ಕೊಂಡಿದೆ ಅಂದ್ಕೋತಾರೆ. ಬರೆದ ತಕ್ಷಣ ಕೀಳಿ! ಇಲ್ಲ, ಮೇಸ್ತ್ರಿ ಮಗಳಿಗೆ ಭಯಾನಾ?"

ಅವಳ ಹಣೆಯ ನರ ಉಬ್ಬಿತು. ಹೊಸದೊಂದು ಸಾಲು ಬರೆದವಳೇ, ಹಟಕ್ಕೆ, ಎಣಿಸದೆ ಸರ್ರನೆ ಕಿತ್ತಳು. ಮತ್ತೆ ಹಚ್ಚಿ ನೋಡಿದರೆ ಆ ಸಾಲು ಇರಲಿಲ್ಲ.

ಮೈದುನ ನಕ್ಕ. ಅವಳು ನಗಲಿಲ್ಲ. ಮತ್ತೆ ಬರೆದು ಕಿತ್ತಳು. ಇಲ್ಲ. ಆರು ಸಲ ಹಾಗೆಯೇ. ಏಳನೆಯ ಸಲ ಹತ್ತು ಎಣಿಸಿ ಕಿತ್ತಳು. ಸಾಲು ಗಟ್ಟಿಯಾಗಿ ಕುಳಿತಿತ್ತು.

ಕುರ್ಚಿ ಎಳೆದುಕೊಂಡು ತನ್ನ ಹಳೆಯ ಸಾಲುಗಳನ್ನು ಮೊದಲಿನಿಂದ ಓದಿದಳು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಉಗ್ರಾಣ ಕಂಪ್ಯೂಟರಿಗೆ 'ಇದನ್ನು ಬರೆದುಕೋ' ಎಂದು ಹೇಳುತ್ತಿತ್ತು. ಕಂಪ್ಯೂಟರು 'ಆಯಿತು' ಎನ್ನುತ್ತಿತ್ತು. ಆದರೆ ಆ ಮಹಾರಾಯ ಅದನ್ನು ಐದು ಸೆಕೆಂಡು ನೆನಪಿನಲ್ಲೇ ಇಟ್ಟುಕೊಂಡು, ಆಮೇಲೆ ಡಿಸ್ಕಿನ ಮೇಲೆ ಬರೆಯುತ್ತಿತ್ತು. 'ಈಗಲೇ ಡಿಸ್ಕಿಗೆ ಇಳಿಸು' ಎಂದು ಒತ್ತಾಯಿಸುವ ಒಂದು ಸಾಲನ್ನು ಅವಳು ಬರೆದೇ ಇರಲಿಲ್ಲ. ಹತ್ತು ಎಣಿಸಿ ಕೀಳುವವಳಿಗೆ ಆ ಐದು ಸೆಕೆಂಡು ಕಣ್ಣಿಗೆ ಬೀಳುವುದಾದರೂ ಹೇಗೆ? ನಾನೂರು ಪರೀಕ್ಷೆಯೂ ಅಲ್ಲಿಗೆ ಬೂದಿ.

ಆಗ ಅವಳಿಗೆ ಹಳೆಯದೊಂದು ಪತ್ರ ನೆನಪಾಯಿತು. ಎರಡು ವರ್ಷದ ಹಿಂದೆ ಒಂದು ಆಸ್ಪತ್ರೆಯ ಔಷಧಿ ಉಗ್ರಾಣದ ಗುಮಾಸ್ತೆ ಅವಳಿಗೆ ಪತ್ರ ಬರೆದಿದ್ದಳು. ನೋವಿನ ಹನ್ನೆರಡು ಇಂಜೆಕ್ಷನ್ ವಾರ್ಡಿಗೆ ಕೊಟ್ಟೆ, ಕಂಪ್ಯೂಟರಿನಲ್ಲಿ ಬರೆದೆ, ಬರೆದ ಕೂಡಲೇ ಕರೆಂಟು ಹೋಯಿತು, ಬಂದಮೇಲೆ ನೋಡಿದರೆ ಆ ಸಾಲು ಇಲ್ಲ, ಕದ್ದೆ ಎನ್ನುತ್ತಿದ್ದಾರೆ, ನಿಮ್ಮ ಉಗ್ರಾಣ ಹೀಗೆ ಮಾಡಬಹುದೇ ಎಂದು. ಪ್ಲಗ್ಗಮ್ಮ ಹಳೆಯ ಪತ್ರಗಳಲ್ಲಿ ಹುಡುಕಿ ತನ್ನ ಉತ್ತರ ತೆಗೆದಳು. ಅದೇ ದಿನ ಬರೆದದ್ದು, ನಾಲ್ಕೇ ವಾಕ್ಯ. 'ನಾನು ನಾನೂರು ಬಾರಿ ಪ್ಲಗ್ಗು ಕಿತ್ತು ನೋಡಿದ್ದೇನೆ. ಉಗ್ರಾಣ ಮರೆಯುವುದಿಲ್ಲ. ಮರೆಯುವುದು ಮನುಷ್ಯರು. ನೀವು ಬರೆದೇ ಇರಲಿಕ್ಕಿಲ್ಲ.'

"ಯಾರಿಗೆ ಏನಾಯ್ತೇ?" ಎಂದ ಗಂಡ, ಅವಳ ಮುಖ ನೋಡಿ.

"ನಾನೇ ಮಾಡಿದ್ದು ಬಿಡಿ" ಎಂದಳು.

ಅಂದೇ ಆ ಒಂದು ಸಾಲು ಸೇರಿಸಿ, ತಪ್ಪು ಏನಿತ್ತೆಂದು ವಿವರ ಬರೆದು ಬಯಲಿಗಿಟ್ಟಳು. ಮರುದಿನ ರಜೆ ಹಾಕಿ ಆಸ್ಪತ್ರೆಗೆ ಹೋದಳು. ಗುಮಾಸ್ತೆಯನ್ನು ಔಷಧಿಯ ಕಡೆಯಿಂದ ತೆಗೆದು ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಎಣಿಸಲು ಹಾಕಿದ್ದರು. ಸೋಪಿನ ಘಾಟು, ಒಗೆಯುವ ಯಂತ್ರಗಳ ಗಡಗಡ, ಸೂರಿನವರೆಗೆ ದಿಂಬಿನ ಗವಸುಗಳ ಕಟ್ಟು.

"ಯಾರು ಬೇಕಿತ್ತು?"

"ನೀವೇ. ನಾನು ಉಗ್ರಾಣ ಬರೆದೋಳು."

ಗುಮಾಸ್ತೆಯ ಕೈ ನಿಲ್ಲಲಿಲ್ಲ. ಗವಸು ಮಡಿಸುತ್ತಲೇ ಅಂದಳು: "ಓಹೋ, ಮರೆಯೋದು ಮನುಷ್ಯರು ಅಂತ ಬರೆದ ಮಹಾತಾಯಿ! ಆ ಸಾಲು ನನಗೆ ಬಾಯಿಪಾಠ. ಪತ್ರ ಕಚೇರಿಗೇ ಬಂತಲ್ಲ, ನಮ್ಮ ಮೇಲಧಿಕಾರಿ ಎಲ್ಲರನ್ನೂ ನಿಲ್ಲಿಸಿ ಓದಿದ್ರು. ಕೇಳಿಸದೆ ಇದ್ದೋರಿಗೆ ಇನ್ನೊಂದು ಸಲ ಓದಿದ್ರು."

"ತಪ್ಪು ನನ್ನದು. ನೀವು ಬರೆದಿದ್ರಿ. ಕಳೆದುಹಾಕಿದ್ದು ನನ್ನ ಉಗ್ರಾಣ."

"ಅದು ನನಗೆ ಅವತ್ತೇ ಗೊತ್ತಿತ್ತು. ಹೊಸ ಸುದ್ದಿ ಏನಾದ್ರೂ ಇದ್ರೆ ಹೇಳಿ."

"ಕ್ಷಮೆ ಕೇಳೋಕೆ ಬಂದೆ."

"ಎಷ್ಟು ಮೆತ್ತಗೆ ಕೇಳ್ತೀರಿ!" ಎಂದು ಗುಮಾಸ್ತೆ ಗವಸನ್ನು ಕಟ್ಟಿನ ಮೇಲೆ ಬಡಿದಳು. "ನನ್ನನ್ನ ಕಳ್ಳಿ ಅಂದಿದ್ದು ಆಸ್ಪತ್ರೆಗೆಲ್ಲ ಕೇಳೋ ಹಾಗೆ. ನೀವು ಹೇಳ್ತಿರೋದು ಈ ಮೈಲಿಗೆ ಬಟ್ಟೆಗಳಿಗೆ ಕೇಳೋ ಹಾಗೆ. ಎಲ್ಲಿ ನಿಮ್ಮನ್ನ ದೊಡ್ಡೋರು ಅಂತ ಕೂರಿಸ್ತಾರೋ ಅಲ್ಲಿ ಹೋಗಿ ಹೇಳಿ. ಆಮೇಲೆ ಕ್ಷಮಿಸ್ತೀನೋ ಇಲ್ವೋ ನೋಡೋಣ. ಬಹುಶಃ ಇಲ್ಲ."

"ಇಲ್ಲದಿದ್ರೂ ಹೇಳ್ತೀನಿ."

"ಹೋಗೋವಾಗ ಬಾಗಿಲು ಎಳ್ಕೊಳ್ಳಿ. ಧೂಳು ಬರುತ್ತೆ."

ಮನೆಗೆ ಬಂದವಳು ನಲವತ್ತು ಸ್ಲೈಡನ್ನೂ ಅಳಿಸಿ ಹೊಸದು ಮಾಡಲು ಕುಳಿತಳು. ತಪ್ಪಿದ ಸಾಲು ಯಾವುದು, ತಾನು ಪರೀಕ್ಷೆ ಮಾಡುತ್ತಿದ್ದ ಬಗೆ ಯಾವುದು ಎಂದು ಬರೆದಳು. ಕೊನೆಗೆ ತನ್ನ ಪತ್ರವನ್ನೇ ಇದ್ದ ಹಾಗೆ ಹಾಕಿದಳು. ಬುಧವಾರ ಸಂಜೆ ಮೈದುನ ಬಂದು ನೋಡಿದ. ಹರಳೆಣ್ಣೆ ಕುಡಿದವನ ಮುಖವಾಯಿತು.

"ತಲೆ ನೆಟ್ಟಗಿದೆಯಾ ನಿಮಗೆ? ನಾಡಿದ್ದು ಹನ್ನೊಂದು ಕಚೇರಿಯೋರು ನಿಮ್ಮ ಮಾತು ಕೇಳೋಕೆ ಬರ್ತಿದಾರೆ. ಕೇಳಿದ ಮೇಲೆ ನನಗೆ ಕೆಲಸ ಕೊಡ್ತೀವಿ ಅಂದಿದಾರೆ. ಅವರ ಮುಂದೆ ಉಗ್ರಾಣ ಕಳೆದುಹಾಕುತ್ತೆ ಅಂತೀರಾ?"

"ಹಾಕ್ತಿತ್ತು ಅಂತೀನಿ."

"ತಿದ್ದಿ ಆಯ್ತಲ್ಲ! ವಿವರಾನೂ ಬರೆದು ಹಾಕಿದ್ರಿ. ಮುಗೀತು. ಅದನ್ನ ಯಾರೂ ಓದಲ್ಲ, ವೇದಿಕೆ ಮೇಲೆ ಯಾಕೆ ಹೇಳ್ಬೇಕು?"

"ಯಾರೂ ಓದಲ್ಲ ಅಂತಲೇ ವೇದಿಕೆ ಮೇಲೆ ಹೇಳ್ಬೇಕು. ಹಳೇ ಆವೃತ್ತಿ ಇಟ್ಕೊಂಡಿರೋ ಕಚೇರಿ ಎಷ್ಟಿವೆ ಗೊತ್ತಾ? ನೀನೇ ಹಾಕಿಕೊಟ್ಟಿರೋವು ಎಷ್ಟು? ಒಂದೊಂದರಲ್ಲೂ ಒಬ್ಬ ಗುಮಾಸ್ತ ಕೂತಿದಾನೆ, ಕಳ್ಳ ಅನ್ನಿಸ್ಕೊಳ್ಳೋಕೆ ಕಾಯ್ತಾ."

"ಅದನ್ನ ನಾನು ಒಳಗೊಳಗೇ ಸರಿ ಮಾಡ್ತೀನಿ, ಒಂದೊಂದು ಕಚೇರಿಗೂ ಹೋಗಿ..."

"ತಿಪ್ಪೆ ಸಾರಿಸೋದ್ರಲ್ಲಿ ನಿನ್ನ ಕೈ ಪಳಗಿದೆ, ಒಪ್ಪಿದೆ."

"ನಿಮ್ಮ ಅಹಂಕಾರಕ್ಕೆ ನನ್ನ ಅನ್ನ ಹೋಗ್ಬೇಕಾ? ಆ ಪತ್ರ ಬರೆದಿದ್ದೂ ಅಹಂಕಾರ. ಈಗ ಅದನ್ನ ಊರಿಗೆ ತೋರಿಸ್ತೀನಿ ಅನ್ನೋದೂ ಅಹಂಕಾರಾನೇ."

ಈ ಮಾತು ನಾಟಿತು. ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಗಂಡ ಅಷ್ಟು ವರ್ಷದಲ್ಲಿ ಮೊದಲ ಸಲ ನಡುವೆ ಬಾಯಿ ಹಾಕಿದ: "ಅವನು ಹೇಳಿದ್ದು ನಿಜ ಕಣೇ. ಆದ್ರೂ ಹೇಳು."

ಮೈದುನ ಅಣ್ಣನನ್ನು ಕೆಕ್ಕರಿಸಿ ನೋಡಿ, ಬಾಗಿಲು ದಡಾರನೆ ಹಾಕಿಕೊಂಡು ಹೋದ.

ಶುಕ್ರವಾರ ಹನ್ನೊಂದು ಗಂಟೆಗೆ ಸಭಾಂಗಣದ ಪಕ್ಕದ ಕೋಣೆಯಲ್ಲಿ ಪ್ಲಗ್ಗಮ್ಮ ಕುಳಿತಿದ್ದಳು. ನೀರಿನ ಲೋಟ ಮುಟ್ಟಿರಲಿಲ್ಲ. ಗೋಡೆಯಾಚೆ ಯಾರೋ ಮಾತು ಮುಗಿಸುತ್ತಿದ್ದರು. ಜನರ ಗುಜುಗುಜು ಕೇಳುತ್ತಿತ್ತು. ಇನ್ನು ಐದು ನಿಮಿಷಕ್ಕೆ ನಿಮ್ಮ ಸರದಿ ಎಂದು ಹೇಳಿ ಸಂಘಟಕಿ ಹೋದಳು. ಅವಳು ಹೊರಟ ಹಿಂದೆಯೇ ಮೈದುನ ಒಳಗೆ ಬಂದ. ಹೊಸ ಕೋಟು. ಕಣ್ಣು ಕೆಂಪಗಿತ್ತು, ನಿದ್ದೆ ಮಾಡಿರಲಿಲ್ಲವೆಂದು ಕಾಣುತ್ತದೆ. ಈ ಸಲ ದನಿ ಇಳಿದಿತ್ತು, ಅದರಲ್ಲಿ ಬೆಣ್ಣೆ ಇರಲಿಲ್ಲ.

"ಹನ್ನೊಂದು ಕಚೇರಿಯೋರೂ ಮುಂದಿನ ಸಾಲಲ್ಲೇ ಕೂತಿದಾರೆ. ಹೋಗ್ಲಿ ಬಿಡಿ. ಹೇಳಲೇಬೇಕು ಅಂದ್ರೆ ಹೇಳೋಣ. ನಾನೂ ಪಕ್ಕದಲ್ಲಿ ನಿಲ್ತೀನಿ. ಆ ಪತ್ರ ಮಾತ್ರ ನಾನು ಓದ್ತೀನಿ, ಒಂಚೂರು ಮೆತ್ತಗೆ. ಯಾರಾದ್ರೂ ಕೆಣಕಿ ಪ್ರಶ್ನೆ ಕೇಳಿದ್ರೆ ನಾನು ನೋಡ್ಕೋತೀನಿ. ಒಬ್ರೇ ಯಾಕೆ ಉಗಿಸ್ಕೋತೀರಿ, ಅತ್ತಿಗೆ?"

ಅವಳು ಎದ್ದು ಸೆರಗು ಸರಿಮಾಡಿಕೊಂಡು ಅವನನ್ನು ನೆಟ್ಟಗೆ ನೋಡಿದಳು. ಗೋಡೆಯಾಚೆ ಚಪ್ಪಾಳೆ ಬಿತ್ತು.

"ಬೇಡಪ್ಪ. ನೀನು ಮೆತ್ತಗೆ ಓದಿದ್ರೆ ಅದು ನಿನ್ನ ಪತ್ರ ಆಗುತ್ತೆ. ಬರೆಯೋವಾಗ ಒಬ್ಬಳೇ ಕೂತು ಬರೆದೆ, ಬರೆದು ಖುಷಿನೂ ಪಟ್ಟೆ. ಉಗಿಸ್ಕೊಳ್ಳೋಕೆ ನನಗೆ ಜೊತೆ ಬೇಡ. ದಾರಿ ಬಿಡು."