ಕತ್ತಲಲ್ಲಿಟ್ಟ ಅಜ್ಜನ ಮುಖ

ನಬಿಸಾಬರನ್ನು ನಾನು ಮೊದಲು ಕಂಡದ್ದು ಕೋಟನೂರಿನ ಶಾಲೆಯ ಅಂಗಳದಲ್ಲಿ. ಏಳನೆಯ ತರಗತಿಯ ಗ್ರೂಪ್ ಫೋಟೊ ತೆಗೆಯಲು ಬಂದಿದ್ದ ಅವರ ಹೆಗಲಲ್ಲಿ ಕ್ಯಾಮೆರಾ, ಕಂಕುಳಲ್ಲಿ ದೊಡ್ಡದೊಂದು ಕನ್ನಡಿ. ಬೇವಿನ ನೆರಳಲ್ಲಿ ನಿಂತ ಮಕ್ಕಳ ಮುಖಕ್ಕೆ ಬಿಸಿಲು ತಿರುಗಿಸೆಂದು ಕನ್ನಡಿಯನ್ನು ಜವಾನ ಸೂಗಪ್ಪನ ಕೈಗೆ ಕೊಟ್ಟರು.

"ಏನ್ರೀ ಸಾಬ್ರ, ಫೋಟೊ ತಗೀತೀರೋ, ಕಟಿಂಗ್ ಮಾಡ್ತೀರೋ?" ಎಂದು ಅವನು ನಕ್ಕ.

"ನಮ್ಮ ಅಜ್ಜಾನ ವಿದ್ಯಾ ರೀ ಇದು. ಮಿಸರ ದೇಶದಾಗ ಸತ್ತ ರಾಜರಿಗೆಲ್ಲ ಹಿಂಗ ಬಿಸಲು ತೋರಿಸ್ಯಾನ."

ಮಾತು ಸುಳ್ಳಲ್ಲ. ನೂರು ವರ್ಷಕ್ಕೂ ಹಿಂದೆ ಹಜ್ಜಿಗೆ ಹೋದ ಅಜ್ಜ, ಮರಳುವ ಹಡಗು ತಪ್ಪಿ ಈಜಿಪ್ಟ್ ಸೇರಿದ್ದ. ಅಲ್ಲಿನ ಪುರಾತನ ಗೋರಿಗಳ ಚಿತ್ರ ತೆಗೆಯುತ್ತಿದ್ದ ಸಾಹೇಬನೊಬ್ಬನ ಬಳಿ ಆಳಾಗಿದ್ದ. ಬಂಡೆ ಕೊರೆದು ಮಾಡಿದ ಗೋರಿಗಳೊಳಗೆ ಕಗ್ಗತ್ತಲೆ. ಬಾಗಿಲಲ್ಲಿ ಒಬ್ಬ ಕನ್ನಡಿ ಹಿಡಿದರೆ, ಒಳಗೆ ನಿಂತ ಇನ್ನೊಬ್ಬನ ಕನ್ನಡಿ ಆ ಬಿಸಿಲನ್ನು ಗೋಡೆಯ ಚಿತ್ರಗಳಿಗೆ ಮುಟ್ಟಿಸಬೇಕು. ಬಾಗಿಲಿನವನೇ ಅಜ್ಜ. ಊರಿಗೆ ಹೊರಟಾಗ ಸಾಹೇಬ ಒಂದು ಪೆಟ್ಟಿಗೆ ಗಾಜಿನ ನೆಗೆಟಿವ್ ಕೊಟ್ಟಿದ್ದ. ಅವುಗಳಲ್ಲೊಂದರಲ್ಲಿ, ಗೋರಿಯ ಬಾಗಿಲಲ್ಲಿ ಕನ್ನಡಿ ಹಿಡಿದು ನಿಂತವನು ಅಜ್ಜನೇ. ಅವನ ಬೇರೊಂದು ಚಿತ್ರ ಭೂಮಿಯ ಮೇಲಿರಲಿಲ್ಲ.

ನಬಿಸಾಬ್ ಹುಟ್ಟುವ ಮೊದಲೇ ಅಜ್ಜ ತೀರಿಕೊಂಡಿದ್ದ. ಎಳೆವೆಯಲ್ಲಿ ತಂದೆ ಒಮ್ಮೆ ಆ ಗಾಜನ್ನು ಬಿಸಿಲಿಗೆ ಹಿಡಿದು ತೋರಿಸಿದ್ದರು. ಕಪ್ಪು ರುಮಾಲು, ಸುಣ್ಣದಂಥ ಮುಖ, ಎಲ್ಲವೂ ತಿರುವುಮುರುವು. ಕಾಗದಕ್ಕೆ ಇಳಿಸಿದರಷ್ಟೇ ನಿಜವಾದ ಮುಖ ಕಾಣುವುದು. ಮುಂದೆ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಹಿಂದಿನ ಓಣಿಯಲ್ಲಿ ಸ್ಟುಡಿಯೊ ಹಾಕಿ ಊರವರ ಮುಖಗಳನ್ನೆಲ್ಲ ಕಾಗದಕ್ಕೆ ಇಳಿಸಿದ ನಬಿಸಾಬ್, ಅಜ್ಜನದನ್ನು ಮಾತ್ರ ಒಳ್ಳೆಯ ಕಾಗದ ಬರಲಿ, ಕೈ ಇನ್ನಷ್ಟು ಪಳಗಲಿ ಎಂದು ಮುಂದೂಡುತ್ತಲೇ ಬಂದರು.

"ಗಾಜು ಕತ್ತಲಾಗ ಇಡ್ರಿ" ಎಂದು ಅಜ್ಜ ಹೇಳಿಹೋಗಿದ್ದ. ಅದಕ್ಕೇ ಪೆಟ್ಟಿಗೆ ಕಮಲಾಪುರದಲ್ಲಿತ್ತು, ಅಕ್ಕ ಇಕ್ಬಾಲ್ ಬೇಗಂ ಅವರ ಮನೆಯಲ್ಲಿ. ಕೆಂಪು ಬಾಳೆಗೊನೆಗಳಿಗೆ ಹುಲ್ಲು ಹೊದಿಸಿ, ಹೊಗೆ ಹಾಕಿ ಹಣ್ಣು ಮಾಡುವ ಕಿಟಕಿಯಿಲ್ಲದ ಕೋಣೆ. ಅದಕ್ಕಿಂತ ಕತ್ತಲೆಯ ಜಾಗ ಯಾರಿಗೂ ಗೊತ್ತಿರಲಿಲ್ಲ.

ಹೋದ ವರ್ಷ ಮಗಳು ಮದಿಹಾ, "ಅಬ್ಬಾ, ಕಾಗದ ಯಾಕ ಬೇಕು? ಫೋನಿನಾಗ ಒಂದು ಗಳಿಗ್ಯಾಗ ತಿರುವಿ ತೋರಸ್ತೀನಿ" ಅಂದಳು. ತಂದೆ ಮಗಳು ಬಸ್ ಹತ್ತಿದರು.

ಪೆಟ್ಟಿಗೆ ತೆರೆದರೆ, ಬಾಳೆಕೋಣೆಯ ತೇವಕ್ಕೆ ಗಾಜುಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು.

"ಎಂದೂ ಬೆಳಕ ಬೀಳಗೊಟ್ಟಿಲ್ಲ ನಬಿ, ಖುದಾನ ಆಣಿ" ಎಂದರು ಇಕ್ಬಾಲ್ ಬೇಗಂ.

"ನಿನ್ನ ತಪ್ಪಲ್ಲ ಆಪಾ."

ಕತ್ತಲೆ ಬೇಕಾದದ್ದು ಚಿತ್ರ ತೆಗೆಯದ ಹೊಸ ಗಾಜಿಗೆ. ಚಿತ್ರ ಮೂಡಿದ ಗಾಜಿಗೆ ಬೇಕಾದದ್ದು ಒಣ ಗಾಳಿ. ನಬಿಸಾಬರಿಗೆ ಇದು ತಿಳಿಯದ್ದಲ್ಲ. ಅಜ್ಜನ ಮಾತು ಮೀರಲು ಮನಸ್ಸಾಗಿರಲಿಲ್ಲ, ಅಷ್ಟೆ.

ಅಗಲ ಪರಾತದ ತಣ್ಣೀರಲ್ಲಿ ನೆನೆಸಿ ಒಂದೊಂದಾಗಿ ಬಿಡಿಸತೊಡಗಿದರು. ಕೆಲವು ಮುರಿದವು, ಕೆಲವು ಬರಿಗಾಜಾಗಿ ಬಂದವು. ಕಡೆಗೆ ಒಂದರಲ್ಲಿ ಗೋರಿಯ ಬಾಗಿಲು ಕಂಡಿತು, ಕನ್ನಡಿ ಕಂಡಿತು. "ಅಲ್ಲಾಡಸಬ್ಯಾಡ್ರಿ ಅಬ್ಬಾ!" ಎಂದು ಮದಿಹಾ ಫೋನ್ ಎತ್ತಿ ಒತ್ತುವಷ್ಟರಲ್ಲಿ ಚಿತ್ರದ ಪೊರೆ ಹಾಲಿನ ಕೆನೆಯಂತೆ ಮುದುಡಿ ನೀರಿಗೆ ಜಾರಿತು. ಬೆರಳಿಗೆ ಹತ್ತಿದ್ದು ಕಪ್ಪು ಲೋಳೆ.

"ಫೋನಿನಾಗ ಬಂತೇನವ್ವಾ?"

ಮದಿಹಾ ಫೋನಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. "ನಿಮ್ಮ ಕೈ ಬಂದಾವ ಅಬ್ಬಾ."

ಈಗ ಸ್ಟುಡಿಯೊದಲ್ಲಿ ಝೆರಾಕ್ಸ್ ಯಂತ್ರವಿದೆ, ಮದಿಹಾ ನೋಡಿಕೊಳ್ಳುತ್ತಾಳೆ. ನಬಿಸಾಬ್ ಕ್ಯಾಮೆರಾ ಮುಟ್ಟುವುದಿಲ್ಲ. ಮಧ್ಯಾಹ್ನ ಓಣಿಗೆ ಬಿಸಿಲಿಳಿದಾಗ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂತು, ಹಳೆಯ ಕನ್ನಡಿಯನ್ನು ತೊಡೆಯ ಮೇಲಿಟ್ಟು, ಒಳಗಿನ ಖಾಲಿ ಗೋಡೆಗೆ ಬೆಳಕು ಹಾಯಿಸುತ್ತಾರೆ. "ಅಬ್ಬಾ, ಕಣ್ಣಿಗೆ ಹೊಡೀತದ" ಎಂದು ಮಗಳು ಗೊಣಗಿದರೆ ತುಸು ಬದಿಗೆ ತಿರುಗಿಸುತ್ತಾರೆ. ಕೆಳಗಿಡುವುದಿಲ್ಲ.