ಕಲ್ಯಾಣದ ದವಾಖಾನೆಯಲ್ಲಿ ನಾನು ನುಂಗಿದ ಮಾತು

ಮದುವೆಯಾಗಿ ಮೂರು ವರ್ಷವಾದರೂ ನನ್ನ ತಮ್ಮನಿಗೆ ಮಕ್ಕಳಾಗಿರಲಿಲ್ಲ. ಅವನ ಹೆಂಡತಿಯನ್ನು ಮುಂಬಯಿ ಪಕ್ಕದ ಕಲ್ಯಾಣದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನು. ಅವಳು ಉಡುಪಿ ಕಡೆಯ ಹುಡುಗಿ, ಹಿಂದಿ ಮರಾಠಿ ಎರಡೂ ಬಾರದು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೂ ನಾವಿದ್ದ ದಿವಾದ ಚಾಳಿನಲ್ಲಿ ನೀರಿಗೆ ಸಾಲು ನಿಂತು ನಿಂತು ಎರಡನ್ನೂ ಕಲಿತಿದ್ದೆ.

ಗಂಡ ಹೆಂಡತಿ ಸರಿಯಾಗಿ ಕೂಡುತ್ತಾರಾ ಎಂದು ಡಾಕ್ಟರು ಕೇಳಿದರು. ನಾನು ಮೆಲ್ಲಗೆ ಅವಳಿಗೆ ಕನ್ನಡದಲ್ಲಿ ಕೇಳಿದೆ. ಅವಳು ತಲೆ ತಗ್ಗಿಸಿದಳು.

"ಅವ್ರು ಬರುವಾಗಲೇ ಕುಡಿದಿರ್ತಾರಕ್ಕ. ಒಮ್ಮೊಮ್ಮೆ ಹತ್ರ ಬಂದ್ರೂ ಆಗುದಿಲ್ಲ. ಮತ್ತೆ ಸಿಟ್ಟು ನನ್ನ ಮೇಲೆ."

ನಾನು ಡಾಕ್ಟರ ಕಡೆ ತಿರುಗಿ, "ಸಬ್ ಠೀಕ್ ಹೈ" ಎಂದೆ.

ಅವರು ನಂಬಿದಂತೆ ಕಾಣಲಿಲ್ಲ. ಗಂಡನ ಕೆಲಸವೇನು ಎಂದು ಕೇಳಿದರು. ಠಾಣೆ ಶಹರದಲ್ಲಿ, ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವಿನ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಾನೆ, ಬೆಳಗಿನಿಂದ ಕಾವಲಿಯ ಮುಂದೆಯೇ, ಬಾಯಲ್ಲಿ ಗುಟ್ಕಾ ಎಂದೆ. ಅವಳನ್ನು ಪರೀಕ್ಷಿಸಿ, ತಂದಿದ್ದ ರಿಪೋರ್ಟು ನೋಡಿ, ಇವಳಲ್ಲಿ ದೋಷವಿಲ್ಲ, ಗಂಡನನ್ನು ಕರೆದುಕೊಂಡು ಬನ್ನಿ ಎಂದರು. ಕುಡಿತ, ತಂಬಾಕು, ನಿದ್ದೆಗೇಡು, ದಿನವಿಡೀ ಬೆಂಕಿಯ ಕಾವು, ಇವು ಗಂಡಸಿನ ಶಕ್ತಿಯನ್ನೂ ವೀರ್ಯವನ್ನೂ ಕೆಡಿಸುತ್ತವೆ. ಈಗಲೇ ಬಿಟ್ಟರೆ ಸರಿಯಾಗಬಹುದು ಎಂದರು.

ಹೊರಗೆ ಬಂದ ಕೂಡಲೇ ಅವಳು, "ಎಂತ ಹೇಳಿದ್ರು ಅಕ್ಕ?" ಎಂದಳು.

"ನಿಂಗೆ ರಕ್ತ ಕಮ್ಮಿಯಂತೆ. ಮಾತ್ರೆ ತಗೊಳ್ಬೇಕಂತೆ" ಎಂದು ಔಷಧದ ಅಂಗಡಿಯಿಂದ ಕಬ್ಬಿಣದ ಮಾತ್ರೆ ಕೊಡಿಸಿದೆ.

ಅಕ್ಕನಾದವಳು ತಮ್ಮನಿಗೆ ಇಂಥದ್ದನ್ನು ಹೇಗೆ ಹೇಳುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ, ಗಂಡ ಬಿಟ್ಟ ಮೇಲೆ ನಾನು ತಮ್ಮನ ಖೋಲಿಯಲ್ಲೇ ಇದ್ದೆ. ಅವನಿಗೆ ಸಿಟ್ಟು ಬಂದರೆ ನನಗೆ ಬೇರೆ ನೆಲೆ ಇರಲಿಲ್ಲ. ಚಾಳಿನವರು ಅವನನ್ನು ನೋಡಿ ನಗುವುದಕ್ಕಿಂತ ಅವಳನ್ನು ಬಂಜೆ ಎನ್ನಲಿ ಅನ್ನಿಸಿತು.

ಊರಿನ ಹಿರಿಯರು ಸರ್ಪದೋಷ ಎಂದರು. ಊರಿಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದೆವು. ಅವಳು ಉಪವಾಸವಿದ್ದು ಒದ್ದೆ ಸೀರೆಯಲ್ಲಿ ಕೂತಿದ್ದಳು. ತಮ್ಮನು ದವಡೆಯಲ್ಲಿ ಗುಟ್ಕಾ ಇಟ್ಟುಕೊಂಡೇ ಮಣೆಯ ಹತ್ತಿರ ಬಂದ.

"ಅದನ್ನು ಉಗಿದು ಬಾ ಮಾರಾಯ, ನಾಗನಿಗೂ ವಾಸನೆ ಬರ್ತದೆ" ಎಂದರು ಭಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುವರ್ಷ ಅವಳನ್ನು ತವರಿಗೆ ಬಿಡಲು ಹೋದದ್ದೂ ನಾನೇ. "ಸ್ವಲ್ಪ ದಿನ ಅಲ್ಲೇ ಇರ್ಲಿ" ಎಂದಿದ್ದ ತಮ್ಮ. ಹೊಸ್ತಿಲಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು.

"ಒಂದು ದಿನವೂ ಮಾತ್ರೆ ಬಿಟ್ಟಿಲ್ಲಕ್ಕ ನಾನು. ಅವ್ರಿಗೆ ಹೇಳಿ."

ಅದನ್ನೂ ಹೇಳಲಿಲ್ಲ. ಅವನು ಅವಳನ್ನು ಕರೆಸಿಕೊಳ್ಳಲೇ ಇಲ್ಲ.

ಎಷ್ಟೋ ವರ್ಷಗಳ ಮೇಲೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ಠಾಣೆ ಶಹರದ ಡಾಕ್ಟರೊಬ್ಬರು ಅವನನ್ನೇ ಕೂರಿಸಿಕೊಂಡು, ಕಲ್ಯಾಣದಲ್ಲಿ ನಾನು ಕೇಳಿದ ಮಾತನ್ನೇ ಹೇಳಿದರು. ಇನ್ನು ಸರಿಯಾಗುವ ಭರವಸೆ ಕೊಡಲಿಲ್ಲ.

"ಆಗಲೇ ಯಾರಾದ್ರೂ ಹೇಳಿದ್ರೆ ಬಿಡ್ತಿದ್ದೆ ಅಕ್ಕ" ಎಂದ.

ಅವನು ಕೆಲಸಕ್ಕೆ ಹೋದ ಮೇಲೆ, ದೋಷ ಅವಳದ್ದಲ್ಲ ಎಂದು ಹೇಳಿಬಿಡಲು ಅವಳ ತವರಿಗೆ ಫೋನು ಮಾಡಿದೆ. ಅವಳ ಅಣ್ಣ ಎತ್ತಿಕೊಂಡ. ನನ್ನ ದನಿ ಗುರುತು ಹಿಡಿದು, "ಇನ್ನು ಎಂತ ಬಾಕಿ ಉಂಟು ನಿಮ್ದು?" ಎಂದು ಇಟ್ಟುಬಿಟ್ಟ. ನಾನು ಮತ್ತೆ ಮಾಡಲಿಲ್ಲ. ಕಲ್ಯಾಣದ ಮಾತನ್ನು ತಮ್ಮನಿಗೂ ಇಂದಿನವರೆಗೆ ಹೇಳಿಲ್ಲ.