ಊಂ ಅನ್ನುವ ಬುರುಡೆ

ನಮ್ಮ ತಾತ ಹೇಳುತ್ತಿದ್ದ ಕತೆಯಲ್ಲಿ ಮೇಕೆ ಕಪ್ಪಗಿತ್ತೋ ಬೆಳ್ಳಗಿತ್ತೋ ಎಂಬುದು ನನಗೆ ಈಗಲೂ ಖಚಿತವಿಲ್ಲ. ಕಪ್ಪು ಎಂದೇ ನೆನಪು. ಆದರೆ ನನ್ನ ನೆನಪಿನ ಯೋಗ್ಯತೆ ನನಗೆ ಗೊತ್ತಿದೆ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಊರಿಗಾಂ ಸ್ಟೇಷನ್ನಿನಿಂದ ವಾಪಸು ಓಡಿಬಂದು, ಬೀಗ ಎಳೆದು ನೋಡಿ, ರೈಲು ತಪ್ಪಿಸಿಕೊಂಡವನು ನಾನು. ಒಂದು ಸಲವಲ್ಲ.

ಕತೆ ಇಷ್ಟೇ. ತಾತ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯೊಂದರ ಬಾಯಲ್ಲಿ ಕೆಲಸಕ್ಕಿದ್ದರು. ಆಳುಗಳನ್ನು ಭೂಮಿಯೊಳಕ್ಕೆ ಇಳಿಸುವ ಕಬ್ಬಿಣದ ಬೋನಿಗೆ ಎಲ್ಲರೂ ಕೇಜು ಅನ್ನುತ್ತಿದ್ದರು. ಅದರ ಬಾಗಿಲು ಹಾಕಿ ಗಂಟೆ ಹೊಡೆಯುವುದು ಇವರ ಕೆಲಸ. ಒಂದು ದಿನ ಬಾಗಿಲು ಹಾಕುವಷ್ಟರಲ್ಲಿ ಮೇಕೆಯೊಂದು ಆಳುಗಳ ಕಾಲಸಂದಿಯಲ್ಲಿ ನುಗ್ಗಿ ಅವರ ಜೊತೆ ಪಾತಾಳಕ್ಕೆ ಹೊರಟುಹೋಯಿತು. ತಾತ ತಲೆ ಓಡಿಸಿ, ಸರಿಯಾದ ಗಂಟೆ ಹೊಡೆದು ಅದನ್ನು ಮೇಲಕ್ಕೆ ಕರೆಸಿದರು. ಮೇಲೆ ಬಂದ ಮೇಕೆ ಅವರ ಮುಖವನ್ನೇ ನೋಡಿ ಒಂದು ಸಲ ಮ್ಯಾ ಅಂದು ಹೊರಟುಹೋಯಿತಂತೆ.

ಕತೆ ಕೇಳುವವರು ಸುಮ್ಮನೆ ಕೂರುವಂತಿಲ್ಲ. ಮಾತು ನಿಂತಾಗಲೆಲ್ಲ ಹೂಂ ಅನ್ನಬೇಕು. ಹೂಂ ಬರದಿದ್ದರೆ ಹೇಳುವವರು ಅಲ್ಲೇ ನೊಗ ಇಳಿಸಿಬಿಡುತ್ತಾರೆ. ನಾನು ಐದಾರು ವರ್ಷದವನಿದ್ದಾಗ ಹೂಂ ಅನ್ನಬೇಕಾದ ಕಡೆಯಲ್ಲೆಲ್ಲ "ಹೌದಾ?" ಅನ್ನುತ್ತಿದ್ದೆನಂತೆ.

"ಮೇಕೆ ಒಳಕ್ಕೆ ಓಯ್ತು."

"ಹೌದಾ?"

"ನಾನು ಗಂಟೆ ಒಡೆದೆ."

"ಒಡೆದುಬಿಟ್ಯಾ? ಬೈಲಿಲ್ವಾ ತಾತಾ?"

ನಮ್ಮ ಕಡೆ ಹಕಾರಕ್ಕೆ ಬೆಲೆ ಕಡಿಮೆ, ತಾತನ ಬಾಯಲ್ಲಿ ಅದು ಇಲ್ಲವೇ ಇಲ್ಲ. ಕೊನೆಗೆ ಅವರು ಎದ್ದು, "ಇವ್ನು ಮೊಮ್ಮಗ ಅಲ್ಲ ಕಣಮ್ಮಾ, ಪೊಲೀಸು. ಇನ್ಮೇಲೆ ಇವ್ನಿಗೆ ಕತೆ ಏಳಲ್ಲ" ಅಂದು ಪಂಚೆ ಕೊಡವಿಕೊಂಡು ಹೋದರಂತೆ. ಇದನ್ನು ನನಗೆ ಹೇಳಿದ್ದು ಅಮ್ಮ. ಅಮ್ಮ ಇನ್ನೊಂದು ಸಲ ಹೇಳುವಾಗ ಆ ಪೊಲೀಸು ನಾನಲ್ಲ, ಚಿಕ್ಕಮ್ಮನ ಮಗ. ಹಾಗಾಗಿ ಇದನ್ನೂ ನಾನು ಪೂರ್ತಿ ನಂಬಿಲ್ಲ.

ಇದೆಲ್ಲ ಮತ್ತೆ ಎದ್ದದ್ದು ನನ್ನ ಓದಿನ ಕೊನೆಯ ವರ್ಷದಲ್ಲಿ. ಒಂದು ಡಿಗ್ರಿ ಮುಗಿಸಿ, ಅದು ಸಾಲದೆಂದು ಬೆಂಗಳೂರಿನ ಕಾಲೇಜೊಂದಕ್ಕೆ ಸೇರಿಕೊಂಡಿದ್ದೆ. ಮೋಟಾರು, ಸೆನ್ಸರು, ಅವಕ್ಕೆ ಅಪ್ಪಣೆ ಕೊಡುವ ಬೆರಳುದ್ದದ ಮೈಕ್ರೋಕಂಟ್ರೋಲರ್ ಬೋರ್ಡು ಇಟ್ಟುಕೊಂಡು, ನೋಡಲು ಬಂದವರಿಗೆ ತಿರುಗಿ ಏನಾದರೂ ಮಾಡಿ ತೋರಿಸುವ ಕಲಾಕೃತಿ ಕಟ್ಟುವುದು ಅಲ್ಲಿನ ಪಾಠ. ಅಮ್ಮ ಕೇಳಿದವರಿಗೆಲ್ಲ "ಕರೆಂಟ್ ಕೆಲ್ಸ ಕಲೀತಾವ್ನೆ" ಅಂದುಬಿಟ್ಟಿದ್ದಳು. ಭಾನುವಾರ ಬಂದರೆ ಗಣಿಯವರ ಸಾಲುಮನೆಗಳ ನಮ್ಮ ಲೈನಿನ ಕೆಟ್ಟ ಮಿಕ್ಸಿಗಳೆಲ್ಲ ನಮ್ಮ ಜಗಲಿಯಲ್ಲಿ ಸಾಲಾಗಿ ಕೂರುತ್ತಿದ್ದವು.

ಅದರ ಹಿಂದಿನ ವರ್ಷ ನಾನು ಫೇಲಾಗಿದ್ದೆ. ಕಾಗದದ ಗಿರಗಟ್ಟಲೆಗಳನ್ನು ಗೋಡೆ ತುಂಬ ನೆಟ್ಟಿದ್ದೆ. ಜನ ಹತ್ತಿರ ಬಂದರೆ ಅವು ತಿರುಗಬೇಕಿತ್ತು. ಪರೀಕ್ಷೆಯ ದಿನ ಜನ ಬಂದರು, ತಿರುಗಲಿಲ್ಲ. ಜನ ಹೋದ ಮೇಲೆ ತಿರುಗಿದವು. ನಾನು ಪಕ್ಕದಲ್ಲೇ ನಿಂತು, ಇದು ಅಗಲಿಕೆಯನ್ನು ಕುರಿತ ಕೃತಿ ಎಂದು ಬಹಳ ಹೊತ್ತು ವಿವರಿಸಿದೆ. ಪರೀಕ್ಷೆ ಮಾಡಲು ಬಂದಿದ್ದ ನಮ್ಮ ಮೇಡಂ ಕೊನೆಯವರೆಗೂ ಕೇಳಿದರು. ಆಮೇಲೆ ಹೇಳಿದರು, "ಮುಂದಿನ ಸಲ ನಿಮ್ಮ ಊರಲ್ಲೇ ಇಡಿ. ನಾನೇ ಬಂದು ನೋಡ್ತೀನಿ. ನೀವು ಒಂದು ಮಾತೂ ಆಡೋ ಹಾಗಿಲ್ಲ. ಜನ ತಾವಾಗಿಯೇ ಅದನ್ನ ಬಳಸಬೇಕು." ಎರಡನೆಯ ಸಲವೂ ಫೇಲಾದರೆ ಕೋರ್ಸಿನಿಂದಲೇ ಹೊರಕ್ಕೆ ಎಂಬುದು ನಿಯಮ. ಅದನ್ನು ಅವರು ಹೇಳಲಿಲ್ಲ, ಗೋಡೆಗೆ ಅಂಟಿಸಿದ್ದರು.

ಏನು ಮಾಡುವುದೆಂದು ತಿಳಿಯದೆ ಒಂದು ಸಂಜೆ ಕೊಟ್ಟಿಗೆಗೆ ಹೋದೆ. ತಾತ ಹಾಲು ಕರೆಯುತ್ತಾ ಹಸುವಿಗೆ ಮೇಕೆಯ ಕತೆ ಹೇಳುತ್ತಿದ್ದರು.

"ಹಸುಗ್ಯಾಕೆ ತಾತಾ ಹೇಳ್ತೀಯ?"

"ಇನ್ಯಾರಿಗೆ ಏಳ್ಲಾ? ನಿಮ್ಮಮ್ಮ ಪೋನು ನೋಡ್ತಾಳೆ. ನೀನು ಪೊಲೀಸು. ಇದು ತಲೆನಾದ್ರೂ ಆಡಿಸ್ತದೆ ಕಣ್ಲಾ."

ಆ ಗಳಿಗೆಯಲ್ಲೇ ನನಗೆ ದಾರಿ ಹೊಳೆಯಿತು. ಕತೆ ಹೇಳಿದರೆ ತಲೆಯಾಡಿಸಿ ಹೂಂ ಅನ್ನುವ ಒಂದು ತಲೆ.

ಮೊದಲು ಮಡಕೆ ತಂದು, ಅಮ್ಮನ ಕೈಲಿ ಕಣ್ಣು ಮೀಸೆ ಬರೆಸಿದೆ. ಕತ್ತಿಗೆ ಸರ್ವೋ ಹಾಕಿದೆ. ಸರ್ವೋ ಎಂದರೆ ಪೂರ್ತಿ ಸುತ್ತದ ಸಣ್ಣ ಮೋಟಾರು, ಇಷ್ಟು ತಿರುಗು ಎಂದರೆ ಅಷ್ಟೇ ತಿರುಗಿ ನಿಲ್ಲುತ್ತದೆ. ಮಡಕೆಯ ಭಾರಕ್ಕೆ ಅದು ಒಂದೇ ಸಲ ಕಿರುಚಿ ಹಲ್ಲುದುರಿಸಿಕೊಂಡಿತು. ಬಂಗಾರಪೇಟೆಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿಗೆ ಎರಡನ್ನೂ ಹೊತ್ತುಕೊಂಡು ಹೋದೆ. ಅಂಗಡಿಯವರು ಸರ್ವೋವನ್ನು ಅಂಗೈಯಲ್ಲಿಟ್ಟು ತೂಗಿದರು, ಮಡಕೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಏಮಪ್ಪಾ, ಓದ್ದೋರು ನೀವು. ಇಷ್ಟು ಸಣ್ಣ ಕತ್ತಿಗೆ ಇಷ್ಟು ದಪ್ಪ ತಲೆ ಮಡಗಿದ್ರೆ ಅದೇನ್ ಮಾಡ್ತದೆ ಪಾಪ? ತಲೆ ಕಮ್ಮಿ ಮಾಡ್ಕಳ್ಳಿ."

ತಲೆ ಕಡಿಮೆ ಮಾಡಿಕೊಂಡೆ. ಹಿತ್ತಿಲಿನ ಚಪ್ಪರದಲ್ಲಿ ಬೀಜಕ್ಕೆಂದು ಒಣಗಲು ಬಿಟ್ಟಿದ್ದ ಸೋರೆಕಾಯಿಯನ್ನು ಅಮ್ಮ ಕಿತ್ತುಕೊಟ್ಟಳು. ಒಣಗಿದ ಸೋರೆಬುರುಡೆ ಗಾಳಿಯಷ್ಟು ಹಗುರ. "ಬುರುಡೆ ಬಿಡೋರಿಗೆ ಬುರುಡೇನೇ ಸರಿ" ಅಂದಳು, ತಾತನಿಗೆ ಕೇಳುವ ಹಾಗೆ.

ಹೂಂ ಯಾರ ದನಿಯಲ್ಲಿರಬೇಕು? ತಾತ ಒಪ್ಪಲಿಲ್ಲ, ಹೇಳುವವರೇ ಹೂಂ ಅನ್ನುವುದು ಎಂಥ ಮರ್ಯಾದೆ ಅಂದರು. ನನ್ನ ದನಿಯನ್ನೇ ಫೋನಿನಲ್ಲಿ ಹಿಡಿದೆ. ಎಷ್ಟು ಸಲ ಅಂದರೂ ಅದು "ಹೂಂ?" ಎಂದೇ ಕೇಳಿಸುತ್ತಿತ್ತು. ಕೊನೆಗೆ ಉಪ್ಪಿಟ್ಟು ತಿನ್ನುತ್ತಿರುವಾಗ ಅಮ್ಮ ಏನೋ ಕೇಳಿದ್ದಕ್ಕೆ ಬಾಯಿ ತುಂಬ ಅಂದ ಒಂದು ಹೂಂ ಸರಿಯಾಗಿ ಸಿಕ್ಕಿತು. ಬುರುಡೆಯೊಳಗೆ ಇಟ್ಟ ರೂಪಾಯಿಯಗಲದ ಸ್ಪೀಕರು ಅದರ ಹಕಾರವನ್ನು ನುಂಗಿಹಾಕಿ "ಊಂ" ಎಂದು ಹೊರಗೆ ಬಿಟ್ಟಿತು. ಇದೂ ನಮ್ಮೂರಿನದೇ ಎಂದು ಸಮಾಧಾನವಾಯಿತು.

ಲೆಕ್ಕಾಚಾರ ಸರಳವಾಗಿತ್ತು. ಬುರುಡೆಯ ಕಿವಿಯಲ್ಲಿ ಮೈಕು. ದನಿ ಕೇಳಿ, ಆಮೇಲೆ ಕೊಂಚ ಮೌನವಾದರೆ, ಬೋರ್ಡು ಸರ್ವೋಗೆ ಹೇಳಿ ತಲೆಯಾಡಿಸುತ್ತದೆ, ಸ್ಪೀಕರಿಗೆ ಹೇಳಿ ಊಂ ಅನ್ನಿಸುತ್ತದೆ. ಮೊದಲ ದಿನ ಅದು ರೈಲಿನ ಹಾರನ್ನಿಗೆ ಊಂ ಅಂದಿತು, ಕುಕ್ಕರಿನ ಸೀಟಿಗೆ ಊಂ ಅಂದಿತು, ಹಸು ಅಂಬಾ ಅಂದಾಗ ಎಲ್ಲಕ್ಕಿಂತ ವಿನಯದಿಂದ ಊಂ ಅಂದಿತು. ನಾನು ಕುಣಿದಾಡಿ, ತಾತನಿಗೆ ಚೆನ್ನಾಗಿ ಕೇಳಿಸಲೆಂದು ಸ್ಪೀಕರಿನ ದನಿ ಏರಿಸಿ, ಅವರನ್ನು ಕರೆತಂದು ಕೂರಿಸಿದೆ.

ತಾತ ಬುರುಡೆಯನ್ನು ಅನುಮಾನದಿಂದ ನೋಡಿ ಗಂಟಲು ಸರಿಮಾಡಿಕೊಂಡರು. "ಒಂದಿನ ಕೇಜಿನ ಬಾಕ್ಲಾಕ್ತಾ ಇದ್ದೆ."

"ಊಂ" ಅಂದಿತು ಬುರುಡೆ. ತನ್ನ ಊಂ ತನ್ನ ಕಿವಿಗೇ ಬಿದ್ದು, ಯಾರೋ ಮಾತಾಡಿದರೆಂದುಕೊಂಡು, ಮತ್ತೆ "ಊಂ" ಅಂದಿತು. ಅದನ್ನೂ ಕೇಳಿಸಿಕೊಂಡು ಮತ್ತೊಂದು.

ಒಂದು ಊಂ ಅಂದರೆ ಹೌದು. ಒಂದರ ಬೆನ್ನಿಗೆ ಇನ್ನೊಂದು ಬಂದರೆ, ಹಕಾರವಿಲ್ಲದ ನಮ್ಮ ಕಡೆ ಅದು ಊಹೂಂ. ಅಂದರೆ ಇಲ್ಲ.

"ಬಾಕ್ಲಾಕ್ತಾ ಇದ್ದೆ ಅಂದ್ರೆ ಊಊಂ ಅಂತೈತಲ್ಲೋ!" ತಾತನ ಮೀಸೆ ಕುಣಿಯಿತು. "ಇಲ್ಲಾ ಅಂತೈತೆ! ಅಲ್ಲಿದ್ದೋನು ನಾನಾ ಇದಾ? ದನಿ ನಿಂದೇ, ಬುದ್ಧೀನೂ ನಿಂದೇ ಮಡಗಿದೀಯ!"

ಎದ್ದು ಒಳಗೆ ಹೋದವರು ಬುರುಡೆಯ ಜೊತೆಗೂ ನನ್ನ ಜೊತೆಗೂ ಮಾತು ಬಿಟ್ಟರು. ಮೇಡಂ ಬರಲು ಮೂರು ದಿನವಿತ್ತು. ತನ್ನ ದನಿ ಹೊರಡುವಾಗ ಮೈಕನ್ನು ಕಿವುಡು ಮಾಡುವ ಸಾಲೊಂದನ್ನು ಬೋರ್ಡಿನ ಪ್ರೋಗ್ರಾಮಿನಲ್ಲಿ ಬರೆದೆ, ಕಾಯಿಲೆ ವಾಸಿಯಾಯಿತು. ಕುರ್ಚಿಯಲ್ಲಿ ಕೂತವರ ಮಾತು, ಇಲ್ಲವೇ ಜೋರು ಕೂಗು ಮಾತ್ರ ಕೇಳುವ ಹಾಗೆ ಅದರ ಕಿವಿಯನ್ನೂ ತಗ್ಗಿಸಿದೆ. ತಾನು ಮಾತಾಡುವಾಗ ಬೇರೇನೂ ಕೇಳಿಸಿಕೊಳ್ಳದಿರುವ ಈ ವಿದ್ಯೆ ನಮ್ಮ ಮನೆಯಲ್ಲಿ ಎಲ್ಲರಿಗೂ ಹುಟ್ಟಿನಿಂದಲೇ ಬಂದದ್ದು, ಯಂತ್ರಕ್ಕೆ ಕಲಿಸಲು ನನಗೆ ಎರಡು ದಿನ ಹಿಡಿಯಿತು. ಆದರೆ ತಾತ ಮತ್ತೆ ಅದರ ಮುಂದೆ ಕೂರಲಿಲ್ಲ. "ನಿಮ್ಮ ಮೇಡಂಗೆ ಅಸೂನೇ ತೋರ್ಸು" ಎಂದು ಅಮ್ಮನ ಕೈಲಿ ಹೇಳಿಕಳಿಸಿದರು.

ಮೇಡಂ ಬೆಳಗಿನ ರೈಲಿನಲ್ಲಿ ಬಂದಿಳಿದರು. ಜಗಲಿಯ ಮೇಲೆ ಬುರುಡೆ, ಅದರ ಮುಂದೆ ಖಾಲಿ ಕುರ್ಚಿ. ಲೈನಿನ ಜನ ಬಂದರು, ಬುರುಡೆಯ ಮೀಸೆ ನೋಡಿದರು, ನನ್ನ ಮುಖ ನೋಡಿದರು. ನಾನು ತುಟಿ ಬಿಗಿಹಿಡಿದು ನಿಂತಿದ್ದೆ. "ಗಂಟಲು ನೋವೇನಪ್ಪಾ?" ಎಂದು ಒಬ್ಬಾಕೆ ಕೇಳಿ ಹೋದಳು. ಯಾರೂ ಕೂರಲಿಲ್ಲ. ಅರ್ಧ ಗಂಟೆಯಾಯಿತು. ಮೇಡಂ ಗಡಿಯಾರ ನೋಡಿಕೊಂಡರು. ಗೋಡೆಗೆ ಅಂಟಿಸಿದ ನಿಯಮ ನನ್ನ ಕಣ್ಣ ಮುಂದೆ ಬಂತು.

ಆಗ ಎದುರುಮನೆಯ ಹಿರಿಯರು ಹಾಲಿನ ಚೊಂಬು ಹಿಡಿದು ಬಂದರು. ತಾತ ಮೇಲೆ ಗಂಟೆ ಹೊಡೆಯುತ್ತಿದ್ದ ಅದೇ ಗಣಿಯ ತಳದಲ್ಲಿ ಇವರು ದುಡಿದವರು, ಮನೆಮಾತು ತಮಿಳು. ಅಮ್ಮ ಹಾಲು ತರುವವರೆಗೆ ಎಂದು, ಮಂಡಿ ಹಿಡಿದುಕೊಂಡು ಆ ಕುರ್ಚಿಯಲ್ಲಿ ಕೂತರು. "ಅಪ್ಪಾಡಾ, ಮಂಡಿನೋವು."

"ಊಂ" ಅಂದು ಬುರುಡೆ ತಲೆಯಾಡಿಸಿತು.

ಹಿರಿಯರು ಬೆಚ್ಚಿದರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಡಾಕ್ಟ್ರು ನಡೀಬೇಡ ಅಂತಾನೆ ಪಾ."

"ಊಂ."

"ನನ್ ಸೊಸೆ ನಡಿ ನಡಿ ಅಂತಾಳೆ."

"ಊಂ."

ಮಂಡಿಯಿಂದ ಸೊಸೆಗೆ, ಸೊಸೆಯಿಂದ ಗಣಿಗೆ ಮಾತು ಇಳಿಯಿತು. ಹೋಗುತ್ತಿದ್ದವರು ನಿಂತರು. ಹಾಲು ತಂದ ಅಮ್ಮ ಚೊಂಬು ಹಿಡಿದು ಅಲ್ಲೇ ಕೂತಳು. ಮೇಡಂ ಪುಸ್ತಕ ತೆರೆದರು.

"ಒಂದ್ ದಿವ್ಸ ಕೇಜಿನಲ್ಲಿ ಮೇಕೆ ಬಂತು ಪಾ ಕೆಳಗೆ. ಬಿಳೀ ಮೇಕೆ."

"ಊಂ."

"ಮೇಲಿರೋನಿಗೆ ಏನೂ ತೆರಿಯಾದು, ಗೊತ್ತೇ ಇಲ್ಲ. ನಾನ್ದಾನೆ ಅದನ್ನ ತಬ್ಕೊಂಡು, ನಾನೇ ಗಂಟೆ ಹೊಡ್ದು ಮೇಲಕ್ಕೆ ಕಳ್ಸಿದ್ದು!"

"ಊಂ" ಅಂದಿತು ಬುರುಡೆ, ನನ್ನ ದನಿಯಲ್ಲಿ.

ಒಳಬಾಗಿಲು ದಡಾರನೆ ತೆರೆಯಿತು. ಅಷ್ಟು ಹೊತ್ತೂ ತಾತ ಅದರ ಹಿಂದೆಯೇ ನಿಂತಿದ್ದರೆಂದು ಕಾಣುತ್ತದೆ. ಪಂಚೆ ಎತ್ತಿ ಕಟ್ಟಿಕೊಂಡು ಜಗಲಿಗೆ ನುಗ್ಗಿ ಕೂಗಿದರು.

"ಔದಾ?"

"ಊಂ" ಅಂದಿತು ಬುರುಡೆ.

ಲೈನಿಗೆ ಲೈನೇ ನಕ್ಕಿತು. "ಲೇ ಬುರುಡೆ, ಗಂಟೆ ಒಡೆದೋನು ನಾನು ಕಣ್ಲಾ!" "ಊಂ." "ಇಲ್ಲ ಪಾ, ನಾನ್ದಾನೆ!" "ಊಂ." "ಎರಡೂ ಕಡೆ ಊಂ ಅಂತೀಯಲ್ಲೋ ವಕೀಲ!" "ಊಂ." ಯಾರೋ ತಾತನ ಪರ, ಯಾರೋ ಹಿರಿಯರ ಪರ. ಒಬ್ಬಾಕೆ ಇಬ್ಬರನ್ನೂ ಸರಿಸಿ ಕುರ್ಚಿ ಹಿಡಿದು, ತನ್ನ ನಾದಿನಿಯ ವಿಷಯವನ್ನು ಬುರುಡೆಯ ಮುಂದಿಟ್ಟಳು. ಮಧ್ಯಾಹ್ನದವರೆಗೂ ಕುರ್ಚಿ ಖಾಲಿಯಾಗಲಿಲ್ಲ. ಮೇಕೆ ನಿಜವಾಗಿ ಯಾರದು, ಅದು ಅಲ್ಲಿಗೆ ಹೇಗೆ ಬಂತು ಎಂದು ಮಾತ್ರ ಯಾರೂ ಕೇಳಲಿಲ್ಲ. ನನಗೆ ಕೇಳಬೇಕೆಂದು ನಾಲಗೆ ತುರಿಸುತ್ತಿತ್ತು, ಆದರೆ ನಾನು ಮಾತಾಡುವ ಹಾಗಿರಲಿಲ್ಲ.

ಇನ್ನು ಮುಂದಿನದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಎಲ್ಲಿಯವರೆಗೆ ನಡೆದದ್ದು, ಎಲ್ಲಿಂದ ನಾನು ಸೇರಿಸಿದ್ದು ಎಂದು ಈಗ ಬಿಡಿಸಲಾರೆ. ಅಮ್ಮನನ್ನು ಕೇಳಿದರೆ ಆಗ ಅವಳು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳಂತೆ.

ಮೇಡಂ ಪುಸ್ತಕ ಮುಚ್ಚಿ, ಬುರುಡೆಯ ಪಕ್ಕದಲ್ಲಿ ನಿಂತಿದ್ದ ನನ್ನ ಹತ್ತಿರ ಬಂದರು. "ಒಂದೇ ಪ್ರಶ್ನೆ, ಇದಕ್ಕೆ ಮಾತ್ರ ನೀವು ಉತ್ತರ ಕೊಡಬಹುದು. ಹೀಗೆ ಒಂದೇ ಕತೆ ಇಬ್ಬರದಾಗಿ ಜಗಳ ಹತ್ತುತ್ತೆ, ಇದು ಇಬ್ಬರಿಗೂ ಹೌದು ಅನ್ನುತ್ತೆ ಅಂತ ಮೊದಲೇ ಯೋಚಿಸಿ ಮಾಡಿದ್ದಾ?"

ಬಹಳ ಹೊತ್ತಾದ ಮೇಲೆ ಬಾಯಿ ತೆರೆದದ್ದರಿಂದ ದನಿ ಸ್ವಲ್ಪ ಒಡೆದಿತ್ತು.

"ಹೂಂ" ಅಂದೆ.

ಹಿಂದಿನಿಂದ ತಾತ ಕೂಗಿದರು, "ಔದಾ?"

"ಊಂ" ಅಂದಿತು ಬುರುಡೆ, ತಲೆಯಾಡಿಸಿ. ಮೇಡಂ ಬರೆದುಕೊಂಡರು.